ಭ್ರೂಣ ಬೆಳೆಯುವುದನ್ನು ನೋಡುವವರು ಬೇಕಾಗಿದ್ದಾರೆ

(ದಾವಣಗೆರೆಯಲ್ಲಿ ಜೀವವಿಜ್ಞಾನದ ಪದವಿ ಹಾಗೂ ಸ್ನಾತಕೋತ್ತರ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಗುರುಗಳೇ, ವಿದ್ಯಾರ್ಥಿ ಮಿತ್ರರೇ,

ಗೊದಮೊಟ್ಟೆಯ ಬಾಲವನ್ನು ಕತ್ತರಿಸಿದರೆ ಮತ್ತೆ ಬಾಲವೇ ಬೆಳೆಯುತ್ತದೆ. ಇದು ಬಹಳ ಹಿಂದಿನಿಂದ ಗೊತ್ತಿದ್ದ ಸಂಗತಿ. ಹಾಗೆ ಬಾಲ ಕತ್ತರಿಸಿದ ಗೊದಮೊಟ್ಟೆಗಳಿಗೆ ವಿಟಮಿನ್ ಎ ಕೊಟ್ಟರೆ ಏನಾಗುತ್ತದೆ ಎಂದು ಭುವನೇಶ್ವರದ ಉತ್ಕಲ ವಿಶ್ವವಿದ್ಯಾಲಯದ ಪ್ರಿಯಂಬದಾ ಮೊಹಂತಿ ಹೆಜ್ಮಾಡಿ ಮತ್ತು ಅವರ ಸಹೋದ್ಯೋಗಿಗಳು ನೋಡಿದರು. ಬಾಲ ಬೆಳೆಯಬೇಕಾದ ಜಾಗದಲ್ಲಿ ಕಾಲುಗಳು ಮೂಡಿದವು. 1992ರಲ್ಲಿ ಈ ಕೆಲಸ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ದೇಹದ ಒಂದು ಭಾಗದಲ್ಲಿರುವ ಕೋಶಗಳು ತಾವು ಎಲ್ಲಿದ್ದೇವೆ ಎಂಬುದನ್ನು ಹೇಗೆ ತಿಳಿಯುತ್ತವೆ, ಆ ತಿಳಿವು ತಪ್ಪಿದರೆ ಏನಾಗುತ್ತದೆ ಎಂದು ಕೇಳುತ್ತಿದ್ದ ವಿಜ್ಞಾನಿಗಳೆಲ್ಲ ಬೆರಗಾಗಿ ಓದಿದ ಲೇಖನ ಅದು.

ಅವರು ಬಳಸಿದ ಪ್ರಾಣಿ ಯಾವುದು ಗೊತ್ತೇ? ಯೂಪೆರೋಡಾನ್ ಸಿಸ್ಟೋಮಾ ಎಂಬ, ಮೈ ಉಬ್ಬಿಸಿಕೊಂಡು ಗುಂಡಗೆ ಕಾಣುವ ಕಪ್ಪೆ. ವರ್ಷದ ಬಹುಪಾಲು ನೆಲದೊಳಗೆ ಅಡಗಿದ್ದು, ಮಳೆ ಬಿದ್ದಾಗ ಮೇಲೆ ಬಂದು ನಿಂತ ನೀರಿನಲ್ಲಿ ಮೊಟ್ಟೆ ಇಡುತ್ತದೆ. ನಮ್ಮ ದಕ್ಷಿಣ ಭಾರತದಲ್ಲೂ ಇರುವ ಕಪ್ಪೆ. ಕೆಲಸ ನಡೆದದ್ದು ಒಂದು ರಾಜ್ಯ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ. ಕಪ್ಪೆ ಯಾವಾಗ ಮೊಟ್ಟೆ ಇಡುತ್ತದೆ, ಗೊದಮೊಟ್ಟೆಯನ್ನು ಹೇಗೆ ಸಾಕಬೇಕು, ದಿನ ದಿನಕ್ಕೆ ಅದರ ಮೈಯಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಚೆನ್ನಾಗಿ ಬಲ್ಲವರು ಅಲ್ಲಿದ್ದರು. ಅದೇ ಅವರ ಬಂಡವಾಳ.

ನಾನು ಚನ್ನಗಿರಿ ಕಡೆಯವಳು, ಈಗ ಬೆಂಗಳೂರಿನಲ್ಲಿ ಡೆವಲಪ್‌ಮೆಂಟಲ್ ಬಯಾಲಜಿ ಲ್ಯಾಬಿನಲ್ಲಿ, ಅಂದರೆ ಒಂದೇ ಕೋಶದಿಂದ ದೇಹ ರೂಪುಗೊಳ್ಳುವ ಬಗೆಯನ್ನು ಓದುವ ಕಡೆ, ಕೆಲಸ ಮಾಡುತ್ತೇನೆ. ಬೇಸಿಗೆಗೆ ಲ್ಯಾಬು ಸೇರಲು ಬಯಸುವ ವಿದ್ಯಾರ್ಥಿಗಳ ಅರ್ಜಿಗಳನ್ನು ಪ್ರತಿ ವರ್ಷ ಓದುತ್ತೇನೆ. ದೆಹಲಿ, ಪುಣೆ, ಕೊಲ್ಕತ್ತಾ, ಕೇರಳದಿಂದ ಬರುತ್ತವೆ. ದಾವಣಗೆರೆಯಿಂದ, ಚಿತ್ರದುರ್ಗದಿಂದ ಬರುವುದು ತೀರಾ ವಿರಳ. ಇಲ್ಲಿನ ಮಕ್ಕಳಿಗೆ ಬುದ್ಧಿ ಕಡಿಮೆಯೇನೂ ಅಲ್ಲ. ಯಾವ ತಿಂಗಳಲ್ಲಿ ಅರ್ಜಿ ಹಾಕಬೇಕು, ಯಾರಿಗೆ ಬರೆಯಬೇಕು, ಬರೆದರೆ ಓದುತ್ತಾರೆಯೇ ಎಂಬುದನ್ನು ಹೇಳುವವರಿಲ್ಲ, ಅಷ್ಟೇ. ಅದನ್ನು ಹೇಳಲೆಂದೇ ಬಂದಿದ್ದೇನೆ. ಆದರೆ ಅದಕ್ಕೂ ಮೊದಲು, ಆ ಲ್ಯಾಬಿನೊಳಗೆ ಏನು ನಡೆಯುತ್ತದೆ ಎಂಬುದು ನಿಮಗೆ ಕಾಣಬೇಕು. ಏನೆಂದು ಗೊತ್ತಿಲ್ಲದ ಕೆಲಸಕ್ಕೆ ಅರ್ಜಿ ಹಾಕಿ ಎನ್ನುವುದು ಸರಿಯಲ್ಲ.

ಈ ವಿಜ್ಞಾನದ ಪ್ರಶ್ನೆಯನ್ನು ಮಗುವಿಗೂ ಹೇಳಬಹುದು. ಫಲಿತ ಮೊಟ್ಟೆ ಎಂದರೆ ಒಂದೇ ಒಂದು ಕೋಶ. ಅದು ಎರಡಾಗಿ, ನಾಲ್ಕಾಗಿ ಒಡೆಯುತ್ತಾ ಹೋಗುತ್ತದೆ. ಎಲ್ಲ ಕೋಶಗಳಲ್ಲೂ ಹೆಚ್ಚು ಕಡಿಮೆ ಅದೇ ಡಿಎನ್‌ಎ ಇರುತ್ತದೆ. ಹಾಗಿದ್ದರೂ ಒಂದು ಕೋಶ ಮಿದುಳಿಗೆ ಸೇರುತ್ತದೆ, ಇನ್ನೊಂದು ಉಗುರಾಗುತ್ತದೆ. ಬಲಗೈ ಎಡಗೈ ಒಂದೇ ಅಳತೆಗೆ ಬೆಳೆದು ನಿಲ್ಲುತ್ತವೆ. ನಿಲ್ಲು ಎಂದು ಅವುಗಳಿಗೆ ಹೇಳಿದವರು ಯಾರು? ಈ ಕೊನೆಯ ಪ್ರಶ್ನೆಗೆ ಇಂದಿಗೂ ಪೂರ್ತಿ ಉತ್ತರವಿಲ್ಲ. ನಿಮ್ಮ ವಯಸ್ಸಿನವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಬೇಕೇ?

ನಿಮ್ಮಲ್ಲಿ ರೇಷ್ಮೆ ಬೆಳೆಯುವ ಮನೆಯಿಂದ ಬಂದವರು ಇದ್ದೀರಿ. ಮೊಟ್ಟೆ ಹಾಳೆಯನ್ನು ಕಾವಿಗೆ ಇಟ್ಟಾಗ ಕೊನೆಯ ದಿನಗಳಲ್ಲಿ ಪ್ರತಿ ಮೊಟ್ಟೆಯ ಮೇಲೆ ಸೂಜಿಮೊನೆಯಷ್ಟು ಕರಿ ಚುಕ್ಕೆ ಕಾಣಿಸಿಕೊಳ್ಳುತ್ತದೆ. ಕೂಡಲೇ ಹಾಳೆಯನ್ನು ಕಪ್ಪು ಕಾಗದದಲ್ಲಿ ಸುತ್ತಿ ಕತ್ತಲಲ್ಲಿ ಇಡುತ್ತೀರಿ. ಮರಿ ಒಡೆಯುವ ದಿನ ಬೆಳಿಗ್ಗೆ ಬೆಳಕಿಗೆ ತೆರೆದರೆ ಎಲ್ಲವೂ ಒಟ್ಟಿಗೆ ಹೊರಬರುತ್ತವೆ, ಚಾಕಿ, ಅಂದರೆ ಎಳೆಯ ಹುಳುಗಳ ಸಾಕಣೆ, ಒಂದೇ ಸಮ ಬರುತ್ತದೆ. ಆ ಚುಕ್ಕೆ ಒಳಗಿನ ಮರಿಯ ತಲೆ. ಬಣ್ಣ ಕಟ್ಟಿದ ತಲೆ ಚಿಪ್ಪಿನ ಹೊರಗಿನಿಂದ ಕಾಣುತ್ತಿದೆ. ಭ್ರೂಣದ ಹಂತವನ್ನು ಕಣ್ಣಿನಿಂದಲೇ ಗುರುತಿಸಿ, ಬೆಳಕು ಕತ್ತಲೆಯಿಂದ ಮುಂದಿನ ಹಂತವನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದು ಭ್ರೂಣಶಾಸ್ತ್ರದ ಕೆಲಸವೇ. ನಿಮ್ಮ ತಾಯಿ ಮಾಡುತ್ತಿರುವುದು ಅದನ್ನೇ. ಇನ್ನು ದ್ವಿತಳಿ, ಅಂದರೆ ವರ್ಷಕ್ಕೆ ಎರಡು ತಲೆಮಾರು ಬರುವ ಹುಳುವಿನ, ಮೊಟ್ಟೆಗಳು ಹಾಗೇ ಬಿಟ್ಟರೆ ತಿಂಗಳುಗಟ್ಟಲೆ ನಿದ್ದೆ ಹೋಗುತ್ತವೆ, ಆಮ್ಲದ ಉಪಚಾರ ಕೊಟ್ಟರೆ ನಿದ್ದೆಗೆ ಜಾರದೆ ಬೆಳೆಯುತ್ತವೆ. ಭ್ರೂಣ ನಡುವೆ ನಿಲ್ಲುವುದು ಹೇಗೆ, ಮತ್ತೆ ಹೊರಡುವುದು ಹೇಗೆ? ಇದು ರೇಷ್ಮೆ ಇಲಾಖೆಯ ಪ್ರಶ್ನೆಯೂ ಹೌದು, ನಮ್ಮ ಲ್ಯಾಬುಗಳ ಪ್ರಶ್ನೆಯೂ ಹೌದು.

ಕೋಳಿ ಮೊಟ್ಟೆಯ ಮಾತು ಹೇಳದೆ ಮುಂದೆ ಹೋಗಲಾರೆ. ಅಂಗಡಿಯಲ್ಲಿ ಸಿಗುವ ಫಾರಂ ಮೊಟ್ಟೆಗಳು ಫಲಿತವಾಗಿರುವುದಿಲ್ಲ. ಹುಂಜದ ಜೊತೆ ತಿರುಗಾಡುವ ನಾಟಿ ಕೋಳಿಯ ಮೊಟ್ಟೆ ಅಥವಾ ಮರಿ ಮಾಡುವ ಕೇಂದ್ರದ ಮೊಟ್ಟೆ ಬೇಕು. ಇನ್‌ಕ್ಯುಬೇಟರ್‌ನಲ್ಲಿ 37ರಿಂದ 38 ಡಿಗ್ರಿಯ ಕಾವು, ಸ್ವಲ್ಪ ತೇವ. ಮೂರನೆಯ ದಿನ ಮೊಟ್ಟೆಯನ್ನು ಅಡ್ಡ ಮಲಗಿಸಿ ಸ್ವಲ್ಪ ಹೊತ್ತು ಬಿಡುತ್ತೇವೆ, ಆಗ ಭ್ರೂಣ ತೇಲಿ ಮೇಲ್ಭಾಗಕ್ಕೆ ಬರುತ್ತದೆ. ಒಂದು ತುದಿಯಿಂದ ಸಿರಿಂಜಿನಲ್ಲಿ ಕೆಲವು ಮಿಲಿಲೀಟರ್ ಬಿಳಿ ಲೋಳೆ ಹೀರಿದರೆ ಒಳಗೆ ಜಾಗವಾಗುತ್ತದೆ. ನಂತರ ಮೇಲಿನ ಚಿಪ್ಪಿನಲ್ಲಿ ಚಿಕ್ಕ ಕತ್ತರಿಯಿಂದ ಕಿಟಕಿ ಕೊರೆಯುತ್ತೇವೆ. ಹಳದಿಯ ಮೇಲೆ ಕೆಂಪು ರಕ್ತನಾಳಗಳ ಬಲೆ ಹರಡಿರುತ್ತದೆ, ಅದರ ನಡುವೆ ಉಗುರಿನ ಅರ್ಧದಷ್ಟೂ ಇಲ್ಲದ ಒಂದು ಬಾಗಿದ ಜೀವ, ಅದರೊಳಗೆ ಹೃದಯ ಬಡಿಯುತ್ತಿರುತ್ತದೆ. ಬಿಡುವೇ ಇಲ್ಲದೆ ಬಡಿಯುತ್ತದೆ. ಕಿಟಕಿಯನ್ನು ಟೇಪಿನಿಂದ ಮುಚ್ಚಿ ಮತ್ತೆ ಕಾವಿಗಿಟ್ಟರೆ ಬೆಳವಣಿಗೆ ಮುಂದುವರಿಯುತ್ತದೆ. ಲ್ಯಾಬಿಗೆ ಬರುವ ಬಹುತೇಕ ವಿದ್ಯಾರ್ಥಿಗಳು ಇದನ್ನು ನೋಡಿದ ಮೇಲೆ ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ಪರೀಕ್ಷೆಗೆಂದು ಚಿತ್ರ ಬರೆದು ಭಾಗಗಳನ್ನು ಗುರುತಿಸಿದವರಿಗೆ ಅದು ಅಲ್ಲಿ ನಿಜವಾಗಿ ನಡೆಯುತ್ತಿದೆ ಎಂಬುದು ಆಗ ತಲೆಗೆ ಇಳಿಯುತ್ತದೆ.

ನಮ್ಮ ರಂಗದ ಒಂದು ಮುಖ್ಯ ಕೆಲಸ ವಿದ್ಯಾರ್ಥಿನಿಯ ಕೈಯಿಂದ ಬಂದದ್ದು. ಜರ್ಮನಿಯಲ್ಲಿ ಹಾನ್ಸ್ ಸ್ಪೆಮನ್ ಅವರ ಬಳಿ ಪಿಎಚ್.ಡಿ. ಮಾಡುತ್ತಿದ್ದ ಹಿಲ್ಡೆ ಮ್ಯಾಂಗೋಲ್ಡ್ ನ್ಯೂಟ್ ಎಂಬ ಉಭಯಚರದ ಭ್ರೂಣದಿಂದ ಒಂದು ಸಣ್ಣ ತುಣುಕನ್ನು ತೆಗೆದು ಇನ್ನೊಂದು ಭ್ರೂಣದ ಬೇರೆ ಜಾಗಕ್ಕೆ ನೆಟ್ಟರು. ಅಲ್ಲಿ ಎರಡನೆಯ ದೇಹವೇ ರೂಪುಗೊಳ್ಳತೊಡಗಿತು. ಬೆನ್ನು, ನರಕೊಳವೆ ಎಲ್ಲ ಇದ್ದ, ಅಂಟಿಕೊಂಡ ಅವಳಿಯಂತೆ. ಜಾಣತನ ಇದ್ದದ್ದು ಎಲ್ಲಿ ಎಂದರೆ, ಕೊಟ್ಟ ಭ್ರೂಣ ಒಂದು ಜಾತಿಯದು, ಪಡೆದ ಭ್ರೂಣ ಬೇರೆ ಬಣ್ಣದ ಇನ್ನೊಂದು ಜಾತಿಯದು. ಹಾಗಾಗಿ ಹೊಸ ದೇಹದಲ್ಲಿ ಯಾವ ಕೋಶ ಯಾರದು ಎಂದು ಬಣ್ಣ ನೋಡಿಯೇ ಹೇಳಬಹುದಿತ್ತು. ನೆಟ್ಟ ತುಣುಕು ಸುತ್ತಲಿನ ಕೋಶಗಳಿಗೆ ದಾರಿ ತೋರಿಸಿ ಅವುಗಳಿಂದಲೇ ದೇಹ ಕಟ್ಟಿಸಿತ್ತು. ಸೋಂಕು ತಡೆಯುವ ಈಗಿನ ಔಷಧಿಗಳಿಲ್ಲದ ಕಾಲ, ನೂರಾರು ಸಲ ಮಾಡಿದರೂ ಉಳಿದ ಭ್ರೂಣಗಳು ಕೆಲವೇ. 1924ರಲ್ಲಿ ಲೇಖನ ಪ್ರಕಟವಾಯಿತು, ಅದೇ ವರ್ಷ ಮನೆಯಲ್ಲಾದ ಬೆಂಕಿ ಅವಘಡದಲ್ಲಿ ಹಿಲ್ಡೆ ತೀರಿಕೊಂಡರು. ಸ್ಪೆಮನ್ ಅವರಿಗೆ 1935ರಲ್ಲಿ ನೊಬೆಲ್ ಬಂತು. ಈ ಹೆಸರನ್ನು ನಾನು ಎಲ್ಲ ಕಡೆ ಹೇಳುತ್ತೇನೆ. ವಿದ್ಯಾರ್ಥಿಗಳು ಲ್ಯಾಬಿನಲ್ಲಿ ಕೈಕೆಲಸಕ್ಕೆ ಇರುವವರು ಎಂದು ಯಾರಾದರೂ ನಿಮಗೆ ಹೇಳಿದರೆ ಹಿಲ್ಡೆ ಮ್ಯಾಂಗೋಲ್ಡ್ ಅವರ ಹೆಸರು ನಿಮಗೆ ನೆನಪಿರಲಿ.

ಇನ್ನು ಅವಕಾಶಗಳ ವಿಷಯ.

ಪದವಿಯ ಎರಡನೆಯ ವರ್ಷದಲ್ಲಿರುವವರು ಮೊದಲು ಕೇಳಿಸಿಕೊಳ್ಳಿ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು, ಅಂದರೆ ಬೆಂಗಳೂರು, ದೆಹಲಿ ಮತ್ತು ಪ್ರಯಾಗರಾಜ್‌ನಲ್ಲಿರುವವು, ಒಟ್ಟಾಗಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತವೆ. ಆಯ್ಕೆಯಾದವರು ಎರಡು ತಿಂಗಳ ಕಾಲ ಒಬ್ಬ ವಿಜ್ಞಾನಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾರೆ, ಶಿಷ್ಯವೇತನವೂ ಇರುತ್ತದೆ. ಕಾಲೇಜು ಅಧ್ಯಾಪಕರೂ ಇದಕ್ಕೆ ಅರ್ಜಿ ಹಾಕಬಹುದು ಎಂಬುದನ್ನು ಮುಂದಿನ ಸಾಲಿನಲ್ಲಿರುವವರು ಗಮನಿಸಬೇಕು. ಬೇಸಿಗೆಯ ಕೆಲಸಕ್ಕೆ ಅರ್ಜಿ ಹಾಕುವುದು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ‘ರಜೆಗೆ ಎಲ್ಲಾದರೂ ಪ್ರಾಜೆಕ್ಟ್ ಸಿಗುತ್ತದೆಯೇ’ ಎಂದು ಕೇಳುವ ಹೊತ್ತಿಗೆ ಪಟ್ಟಿ ಮುಗಿದುಹೋಗಿರುತ್ತದೆ. ನಮ್ಮ ಕಡೆಯ ಮಕ್ಕಳು ಅವಕಾಶ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ದಸರಾ ರಜೆಯನ್ನು ಅರ್ಜಿಯ ಕಾಲವೆಂದು ಗುರುತು ಹಾಕಿಕೊಳ್ಳಿ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ತನ್ನದೇ ಬೇಸಿಗೆ ಫೆಲೋಶಿಪ್ ಕೊಡುತ್ತದೆ. ಹನ್ನೆರಡನೆಯ ತರಗತಿಯಲ್ಲಿ ಮೇಲಿನ ಶೇಕಡಾ 1ರೊಳಗೆ ಬಂದು ಮೂಲವಿಜ್ಞಾನ ಓದುತ್ತಿರುವವರಿಗೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನವಿದೆ. ವರ್ಷಕ್ಕೆ 80,000 ರೂಪಾಯಿ, ಅದರಲ್ಲಿ 20,000 ಬೇಸಿಗೆ ಪ್ರಾಜೆಕ್ಟಿಗೇ ಮೀಸಲು. ಈ ವೇತನ ಪಡೆಯುತ್ತಿರುವವರು ಪ್ರಾಜೆಕ್ಟನ್ನು ಹೆಸರಿಗೆ ಮಾಡಿ ಮುಗಿಸದೆ ನಿಜವಾದ ಲ್ಯಾಬಿನಲ್ಲಿ ಮಾಡಿ ಎಂಬುದು ನನ್ನ ಕಳಕಳಿಯ ಮಾತು. ಇನ್ನೊಂದು ಎಚ್ಚರಿಕೆ: ಹಣ ಕಟ್ಟಿದರೆ ಎರಡು ವಾರದಲ್ಲಿ ಇಂಟರ್ನ್‌ಶಿಪ್ ಪ್ರಮಾಣಪತ್ರ ಕೊಡುತ್ತೇವೆ ಎನ್ನುವವರು ಈಗ ಎಲ್ಲೆಡೆ ಇದ್ದಾರೆ. ಆಯ್ಕೆ ಸಮಿತಿಯಲ್ಲಿ ಕೂತವರು ಅಂಥ ಪತ್ರಕ್ಕೆ ಬೆಲೆ ಕೊಡುವುದಿಲ್ಲ. ತಂದೆ ತಾಯಿಯ ಹಣವನ್ನು ಅದಕ್ಕೆ ಸುರಿಯಬೇಡಿ.

ಎಲ್ಲಿಗೆ ಹೋಗುವುದು? ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡೆವಲಪ್‌ಮೆಂಟಲ್ ಬಯಾಲಜಿ ಮತ್ತು ಜೆನೆಟಿಕ್ಸ್‌ಗೆ ಪ್ರತ್ಯೇಕ ವಿಭಾಗವೇ ಇದೆ. ಹೆಬ್ಬಾಳದ ಬಳಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಅಂದರೆ ಎನ್‌ಸಿಬಿಎಸ್, ಅದರ ಪಕ್ಕದಲ್ಲೇ ಕಾಂಡಕೋಶಗಳ ಇನ್‌ಸ್ಟೆಮ್, ಹೈದರಾಬಾದಿನಲ್ಲಿ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರವಾದ ಸಿಸಿಎಂಬಿ, ಮುಂಬೈಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಾದ ಟಿಐಎಫ್‌ಆರ್, ಪುಣೆಯಲ್ಲಿ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಾದ ಐಸರ್ ಮತ್ತು ಅಗರ್ಕರ್ ಸಂಶೋಧನಾ ಸಂಸ್ಥೆ. ಒಂದೊಂದು ಲ್ಯಾಬಿನಲ್ಲೂ ಒಂದೊಂದು ಜೀವಿ: ಹಣ್ಣುನೊಣ, ಇಲಿ, ಹೈಡ್ರಾ, ನಮ್ಮದೇ ದೇಶದ ಹೊಳೆಗಳ ಜೀಬ್ರಾಫಿಶ್. ಹೆಸರುವಾಸಿ ಸಂಸ್ಥೆಗಳನ್ನು ಮಾತ್ರ ನೋಡಬೇಡಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಓತಿಕ್ಯಾತದ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ. ಮಣ್ಣಿನಲ್ಲಿ ಹೂತಿಟ್ಟ ಅದರ ಮೊಟ್ಟೆಗೆ ಸಿಗುವ ಶಾಖದ ಮೇಲೆ ಮರಿ ಗಂಡೋ ಹೆಣ್ಣೋ ಎಂಬುದು ತೀರ್ಮಾನವಾಗುತ್ತದೆ. ಅದೂ ಸರಳವಾಗಿ ಅಲ್ಲ, ಶಾಖ ಏರಿದಂತೆ ಹೆಣ್ಣು, ಗಂಡು, ಮತ್ತೆ ಹೆಣ್ಣು, ಮತ್ತೆ ಗಂಡು ಎಂಬ ವಿಚಿತ್ರ ಕ್ರಮದಲ್ಲಿ ಎಂದು ಅಲ್ಲಿನವರು ತೋರಿಸಿದರು. ನಮ್ಮ ಬೇಲಿಯ ಮೇಲೆ ತಲೆಯಾಡಿಸುತ್ತಾ ಕೂರುವ ಪ್ರಾಣಿ! ಬೇಸಿಗೆಯ ಬಿಸಿ ಏರುತ್ತಿರುವ ಈ ಬಯಲುಸೀಮೆಯಲ್ಲಿ ಆ ಪ್ರಶ್ನೆ ಮುಂದೆ ಇನ್ನೂ ದೊಡ್ಡದಾಗುತ್ತದೆ ಎಂದು ನನಗೆ ಅನಿಸುತ್ತದೆ.

ಅಕಾಡೆಮಿಯ ಅರ್ಜಿ ಒಂದು ದಾರಿಯಾದರೆ, ವಿಜ್ಞಾನಿಗೆ ನೇರವಾಗಿ ಪತ್ರ ಬರೆಯುವುದು ಇನ್ನೊಂದು. ಈ ಪತ್ರದ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಬಾಗಿಲು ತೆರೆಯುವುದೂ ಮುಚ್ಚುವುದೂ ಅದರಿಂದಲೇ. ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ‘ಮಾನ್ಯ ಸರ್, ತಮ್ಮ ಹೆಸರಾಂತ ಸಂಸ್ಥೆಯಲ್ಲಿ ಕೆಲಸ ಮಾಡುವುದು ನನ್ನ ಬಹುದಿನದ ಕನಸು’ ಎಂದು ಆರಂಭವಾಗುತ್ತವೆ. ಬರೆಯುತ್ತಿರುವುದು ಹೆಂಗಸಿಗೆ ಎಂಬುದನ್ನೂ ಅವರು ನೋಡಿರುವುದಿಲ್ಲ. ಅದೇ ಪತ್ರ ಇನ್ನೂ ಐವತ್ತು ಜನರಿಗೆ ಹೋಗಿದೆ ಎಂಬುದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಹೀಗೆ ಬರೆದು ನೋಡಿ: ‘ನಿಮ್ಮ ಲ್ಯಾಬಿನ ಲೇಖನ ಓದಿದೆ. ಎರಡನೆಯ ಚಿತ್ರದಲ್ಲಿ ರೆಕ್ಕೆಯ ಒಂದು ಅಂಚಿನ ಕೋಶಗಳು ಮಾತ್ರ ಬಣ್ಣ ತೆಗೆದುಕೊಂಡಿಲ್ಲ. ಅದು ಏಕೆ ಎಂದು ನನಗೆ ತಿಳಿಯಲಿಲ್ಲ. ನಾನು ಎರಡನೆಯ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿ. ಕಾಲೇಜಿನಲ್ಲಿ ಈರುಳ್ಳಿ ಬೇರಿನ ಕೋಶವಿಭಜನೆಯ ಸ್ಲೈಡು ಮಾಡಿದ್ದೇನೆ, ನೊಣದ ಕೆಲಸ ಗೊತ್ತಿಲ್ಲ. ಮೇ ಮತ್ತು ಜೂನ್ ತಿಂಗಳು ಬರಬಲ್ಲೆ.’ ಅಷ್ಟು ಸಾಕು. ಏನು ನೋಡಿದಿರಿ, ಏನು ಅರ್ಥವಾಗಲಿಲ್ಲ, ಏನು ಗೊತ್ತು, ಯಾವಾಗ ಬರುತ್ತೀರಿ. ಇಂಥ ಪತ್ರವನ್ನು ಯಾವ ವಿಜ್ಞಾನಿಯೂ ಎರಡು ಸಲ ಓದದೆ ಬದಿಗಿಡುವುದಿಲ್ಲ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ. ಆಗಲೂ ಬರದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳದೆ ಬೇರೆಯವರಿಗೆ ಬರೆಯಿರಿ. ಜಾಗವಿಲ್ಲ ಎಂಬ ಕಾರಣಕ್ಕೇ ಉತ್ತರಿಸದವರು ಹಲವರು.

ಲ್ಯಾಬು ಸೇರಿದ ಮೇಲೆ ಏನು ಮಾಡಿಸುತ್ತಾರೆ? ನೊಣದ ಲ್ಯಾಬಾದರೆ ಮೊದಲ ದಿನಗಳು ಆಹಾರ ಕಾಯಿಸುವುದರಲ್ಲಿ, ಬಾಟಲಿ ತೊಳೆಯುವುದರಲ್ಲಿ, ಹಳೆಯ ಬಾಟಲಿಯ ನೊಣಗಳನ್ನು ಹೊಸದಕ್ಕೆ ದಾಟಿಸುವುದರಲ್ಲಿ ಕಳೆಯುತ್ತವೆ. ಆಮೇಲೆ ಕನ್ಯೆ ನೊಣ ಹಿಡಿಯುವ ಕೆಲಸ. ಹೆಣ್ಣು ನೊಣ ಒಮ್ಮೆ ಕೂಡಿದರೆ ಗಂಡಿನ ವೀರ್ಯವನ್ನು ಒಳಗೆ ಕೂಡಿಟ್ಟುಕೊಳ್ಳುತ್ತದೆ, ಆಮೇಲೆ ನೀವು ಯಾವ ಗಂಡಿನ ಜೊತೆ ಬಿಟ್ಟರೂ ಮರಿಗಳ ತಂದೆ ಯಾರೆಂದು ಹೇಳಲಾಗದು. ಆದ್ದರಿಂದ 25 ಡಿಗ್ರಿಯಲ್ಲಿ ಇಟ್ಟ ಬಾಟಲಿಯಲ್ಲಿ ಪ್ಯೂಪಾ ಕವಚದಿಂದ ಹೊರಬಂದ ಎಂಟು ಗಂಟೆಯೊಳಗೆ ಹೆಣ್ಣುಗಳನ್ನು ಬೇರೆ ಮಾಡಬೇಕು. ಆಗ ತಾನೇ ಹೊರಬಂದದ್ದು ಪೇಲವವಾಗಿ, ಉದ್ದನೆಯ ಮೈಯದಾಗಿ ಇರುತ್ತದೆ. ತೆಳ್ಳನೆಯ ಹೊಟ್ಟೆಯ ಮೂಲಕ ಒಳಗೆ ಒಂದು ಕಪ್ಪು ಮಚ್ಚೆ ಕಾಣುತ್ತದೆ. ಇಂಗಾಲದ ಡೈಆಕ್ಸೈಡ್ ಬಿಟ್ಟು ಮಲಗಿಸಿ, ಬಣ್ಣ ಬಳಿಯುವ ಸಣ್ಣ ಕುಂಚದಿಂದ ಒಂದೊಂದನ್ನೇ ಹೊರಳಿಸಿ ನೋಡಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಭಾನುವಾರವೂ ಸೇರಿ. ಒಂದು ಕೂಡಿದ ಹೆಣ್ಣು ಗುಂಪಿನಲ್ಲಿ ತಪ್ಪಿ ಉಳಿದರೆ ವಾರಗಳ ಕೆಲಸ ಹಾಳು. ಈ ಕೆಲಸವನ್ನು ಕೀಳೆಂದು ತಿಳಿದವರು ಎರಡು ತಿಂಗಳು ಸುಮ್ಮನೆ ಕಳೆದು ಹೋಗುತ್ತಾರೆ. ಅದನ್ನು ಮನಸ್ಸಿಟ್ಟು ಮಾಡಿದವರ ಕಣ್ಣು ಮೂರನೆಯ ವಾರಕ್ಕೇ ಬದಲಾಗುತ್ತದೆ. ನೂರು ನೊಣಗಳಲ್ಲಿ ರೆಕ್ಕೆಯ ಅಂಚು ಸ್ವಲ್ಪ ಕಚ್ಚಿದಂತಿರುವ ಒಂದು ಅವರಿಗೆ ಕಾಣತೊಡಗುತ್ತದೆ. ಎಡ್ವರ್ಡ್ ಲೂಯಿಸ್, ಕ್ರಿಸ್ಟಿಯಾನೆ ನ್ಯೂಸ್ಲೈನ್ ಫೋಲ್ಹಾರ್ಡ್, ಎರಿಕ್ ವೀಶೌಸ್ ಅವರಿಗೆ 1995ರಲ್ಲಿ ನೊಬೆಲ್ ತಂದುಕೊಟ್ಟದ್ದು ಇಂಥ ಕಣ್ಣೇ. ಎರಡು ರೆಕ್ಕೆಯ ಜಾಗದಲ್ಲಿ ನಾಲ್ಕು ರೆಕ್ಕೆ ಬಂದ ನೊಣ, ಮೈಮೇಲಿನ ಪುಟ್ಟ ಹಲ್ಲುಗಳ ಸಾಲು ತಪ್ಪಿದ ಮರಿಹುಳು, ಇವನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ನೋಡಿ ಆರಿಸುತ್ತಾ ಅವರು ದೇಹದ ನಕ್ಷೆ ಬರೆಯುವ ಜೀನುಗಳನ್ನು ಕಂಡುಕೊಂಡರು. ಅಂಥವೇ ಜೀನುಗಳು ನಮ್ಮಲ್ಲೂ ಇವೆ ಎಂಬುದು ಆಮೇಲೆ ತಿಳಿದದ್ದು.

ಪಿಎಚ್.ಡಿ. ವಿಷಯ ಬೇಗ ಹೇಳುತ್ತೇನೆ, ಪರೀಕ್ಷೆಗಳ ವಿವರ ನಿಮ್ಮ ಅಧ್ಯಾಪಕರ ಬಳಿ ಇದೆ. ಬಿ.ಎಸ್ಸಿ. ಮುಗಿಸಿ ನೇರವಾಗಿ, ಎಂ.ಎಸ್ಸಿ.ಯನ್ನೂ ಜೊತೆಗೇ ಮಾಡಿಸುವ ಇಂಟಿಗ್ರೇಟೆಡ್ ಪಿಎಚ್.ಡಿ. ಸೇರಬಹುದು, ಅದಕ್ಕೆ ಫೆಬ್ರವರಿಯ ಜ್ಯಾಮ್ ಪರೀಕ್ಷೆ ಮುಖ್ಯ. ಎನ್‌ಸಿಬಿಎಸ್ ಮತ್ತು ಟಿಐಎಫ್‌ಆರ್‌ಗೆ ಬೇರೆ ಪ್ರವೇಶ ಪರೀಕ್ಷೆ ಇದೆ. ಎಂ.ಎಸ್ಸಿ. ನಂತರ ಸಿಎಸ್‌ಐಆರ್ ನೆಟ್, ಜೈವಿಕ ತಂತ್ರಜ್ಞಾನ ಇಲಾಖೆಯ ಜೆಆರ್‌ಎಫ್, ಗೇಟ್ ಪರೀಕ್ಷೆಗಳಿವೆ. ಶಿಷ್ಯವೇತನ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ನೆಟ್ ಪಾಸಾಗದಿದ್ದರೆ ದಾರಿ ಮುಚ್ಚಿತು ಎಂದುಕೊಳ್ಳಬೇಡಿ. ಪ್ರಾಜೆಕ್ಟ್ ಸಹಾಯಕರಾಗಿ ಒಂದೆರಡು ವರ್ಷ ಕೆಲಸ ಮಾಡಿ, ಕೈ ಪಳಗಿದ ಮೇಲೆ ಮತ್ತೆ ಬರೆದು ಒಳ್ಳೆಯ ಲ್ಯಾಬು ಸೇರಿದವರು ಬೇಕಾದಷ್ಟು ಜನ. ನನ್ನ ಅನುಭವದಲ್ಲಿ ಅವರೇ ಹೆಚ್ಚು ಗಟ್ಟಿಗರು.

ಗೈಡ್ ಆರಿಸುವಾಗ ಸಂಸ್ಥೆಯ ಹೆಸರಿಗಿಂತ ಹೆಚ್ಚಾಗಿ ಆ ಲ್ಯಾಬಿನಲ್ಲಿ ಈಗ ಇರುವ ವಿದ್ಯಾರ್ಥಿಗಳನ್ನು ಮಾತನಾಡಿಸಿ. ಪ್ರಯೋಗ ಕೈಕೊಟ್ಟಾಗ ಗೈಡ್ ಹೇಗೆ ನಡೆದುಕೊಳ್ಳುತ್ತಾರೆ? ಹಿಂದಿನವರು ಎಷ್ಟು ವರ್ಷದಲ್ಲಿ ಮುಗಿಸಿದರು, ಈಗ ಎಲ್ಲಿದ್ದಾರೆ? ಮನೆಗೆ ಹೋಗಿ ಬರಲು ಬಿಡುತ್ತಾರೆಯೇ? ಐದಾರು ವರ್ಷ ಬದುಕುವ ಜಾಗದ ಬಗ್ಗೆ ಇಷ್ಟು ಕೇಳುವುದು ಉದ್ಧಟತನವಲ್ಲ.

ಇಲ್ಲಿ ಪಿಎಚ್.ಡಿ. ಮುಗಿಸಿದ ಕೆಲವರು ಕುಳಿತಿದ್ದೀರಿ. ಪೋಸ್ಟ್‌ಡಾಕ್ , ಅಂದರೆ ಪಿಎಚ್.ಡಿ. ನಂತರ ಇನ್ನೊಂದು ಲ್ಯಾಬಿನಲ್ಲಿ ಮಾಡುವ ಸಂಶೋಧನೆ, ಕೆಲಸ ಸಿಗುವವರೆಗೆ ಕಾಯುವ ತಂಗುದಾಣ ಎಂಬ ಭಾವನೆ ನಮ್ಮ ಕಡೆ ಇದೆ. ನಾನು ಹಾಗೆ ನೋಡುವುದಿಲ್ಲ. ಗೈಡಿನ ಪ್ರಶ್ನೆಯನ್ನು ಬಿಟ್ಟು ನಿಮ್ಮದೇ ಪ್ರಶ್ನೆಯನ್ನು ಕಟ್ಟಿಕೊಳ್ಳುವ ಕಾಲ ಅದು. ಮೀನಿನ ಮೇಲೆ ಕೆಲಸ ಮಾಡಿದವರು ನೊಣದ ಲ್ಯಾಬಿಗೆ, ಜೀನುಗಳ ಕೆಲಸ ಮಾಡಿದವರು ಸೂಕ್ಷ್ಮದರ್ಶಕದಲ್ಲಿ ಜೀವಂತ ಭ್ರೂಣವನ್ನು ಚಿತ್ರೀಕರಿಸುವ ಲ್ಯಾಬಿಗೆ ಹೋದರೆ ಎರಡು ಕೌಶಲ ಸೇರಿ ಬೇರೆ ಯಾರಲ್ಲೂ ಇಲ್ಲದ ಒಂದು ಜಾಗ ನಿಮಗೆ ಸಿಗುತ್ತದೆ. ಲ್ಯಾಬಿನ ಪ್ರಾಜೆಕ್ಟಿನಿಂದಲೇ ಸಂಬಳ ಬರುವ ರಿಸರ್ಚ್ ಅಸೋಸಿಯೇಟ್ ಹುದ್ದೆಗಳಿವೆ, ಅನುಭವಕ್ಕೆ ತಕ್ಕಂತೆ 2023ರ ದರದಲ್ಲಿ ತಿಂಗಳಿಗೆ 58,000ದಿಂದ 67,000 ರೂಪಾಯಿ. ಸಾಧ್ಯವಾದರೆ ನಿಮ್ಮದೇ ಫೆಲೋಶಿಪ್ ತೆಗೆದುಕೊಂಡು ಹೋಗಿ, ಆಗ ಪ್ರಶ್ನೆಯೂ ನಿಮ್ಮದಾಗಿರುತ್ತದೆ. ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಎರಡು ವರ್ಷದ್ದು. ಮೊದಲು ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ (ಸರ್ಬ್) ನಡೆಸುತ್ತಿದ್ದ ಯೋಜನೆ ಅದು. ಜೈವಿಕ ತಂತ್ರಜ್ಞಾನ ಇಲಾಖೆಯ ರಿಸರ್ಚ್ ಅಸೋಸಿಯೇಟ್‌ಶಿಪ್ ಇದೆ. ಮದುವೆ, ಮಕ್ಕಳ ಕಾರಣಕ್ಕೆ ನಡುವೆ ಬಿಟ್ಟ ಹೆಣ್ಣುಮಕ್ಕಳು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್ ಕಿರಣ್ ಯೋಜನೆಗಳನ್ನು ನೋಡಲೇಬೇಕು. ಬಿಟ್ಟ ವರ್ಷಗಳ ಬಗ್ಗೆ ಅರ್ಜಿಯಲ್ಲಿ ನಾಚಿಕೊಳ್ಳದೆ ಒಂದು ಸಾಲಿನಲ್ಲಿ ಬರೆಯಿರಿ.

ಹೊರದೇಶಕ್ಕೆ ಹೋಗುವವರಿಗೆ ಯುರೋಪಿನ ಅಣುಜೀವವಿಜ್ಞಾನ ಸಂಸ್ಥೆಯಾದ ಎಂಬೋದ ಪೋಸ್ಟ್‌ಡಾಕ್ ಫೆಲೋಶಿಪ್ ಇದೆ. ಭಾರತ 2016ರಲ್ಲಿ ಎಂಬೋದ ಸಹಸದಸ್ಯ ದೇಶವಾಯಿತು. ಹ್ಯೂಮನ್ ಫ್ರಾಂಟಿಯರ್ ಸೈನ್ಸ್ ಪ್ರೋಗ್ರಾಂ ಹೊಸ ದೇಶಕ್ಕೆ ಹೋಗಿ ಹೊಸ ವಿಷಯಕ್ಕೆ ಕೈ ಹಾಕುವವರನ್ನೇ ಬಯಸುತ್ತದೆ. ಇವೆಲ್ಲಕ್ಕೂ ಮುಂಚೆ ಹೋಗಬೇಕೆಂದಿರುವ ಲ್ಯಾಬಿನ ಮುಖ್ಯಸ್ಥರ ಜೊತೆ ಮಾತಾಗಿ, ಇಬ್ಬರೂ ಕೂತು ಪ್ರಸ್ತಾವನೆ ಬರೆಯಬೇಕು. ಹಾಗಾಗಿ ಥೀಸಿಸ್ ಸಲ್ಲಿಸುವ ಒಂದು ವರ್ಷ ಮೊದಲೇ ಪತ್ರ ಬರೆಯಲು ತೊಡಗಿ. ಭಾರತೀಯ ಡೆವಲಪ್‌ಮೆಂಟಲ್ ಬಯಾಲಜಿಸ್ಟರ ಸಂಘದ ಸಮ್ಮೇಳನಕ್ಕೆ ಪೋಸ್ಟರ್ ಹಿಡಿದುಕೊಂಡು ಹೋಗಿ. ಮುಂದಿನ ಗೈಡ್ ಹಲವರಿಗೆ ಸಿಕ್ಕಿರುವುದು ಅಂಥ ಕಡೆ, ಪೋಸ್ಟರಿನ ಮುಂದೆ ನಿಂತು ಮಾತಾಡುವಾಗ.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು, ‘ಮೇಡಂ, ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಟರ್‌ವ್ಯೂನಲ್ಲಿ ಇಂಗ್ಲಿಷ್ ತಡವರಿಸಿದರೆ?’ ಎಂದು ಕೇಳಿದಳು. ತಡವರಿಸಲಿ ತಾಯಿ. ನಾವು ಕೇಳುವುದು ಪ್ರಯೋಗದ ಬಗ್ಗೆ. ‘ಇದನ್ನು ಹೀಗೆ ಮಾಡಿದರೆ ಏನಾಗಬಹುದು’ ಎಂದಾಗ ನೀನು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದರೂ ಉತ್ತರವೇ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು, ಆಮೇಲೆ ಹೀಗಿರಬಹುದೇ ಎಂದು ಊಹಿಸಿ ಹೇಳುವುದು, ಇವೆರಡನ್ನು ಅಭ್ಯಾಸ ಮಾಡು. ವೈಜ್ಞಾನಿಕ ಲೇಖನ ಬರೆಯುವಷ್ಟು ಇಂಗ್ಲಿಷ್ ಲ್ಯಾಬಿನಲ್ಲಿ ದಿನವೂ ಓದುತ್ತಾ ಬರೆಯುತ್ತಾ ಬರುತ್ತದೆ.

ಒಬ್ಬರು ತಂದೆ ಹಿಂದಿನ ಸಾಲಿನಿಂದ, ಇಷ್ಟು ಓದಿದ ಮೇಲೆ ಕೆಲಸ ಖಾತ್ರಿಯೇ ಎಂದು ಕೇಳಿದರು. ಪ್ರಾಧ್ಯಾಪಕ ಹುದ್ದೆ ಎಲ್ಲರಿಗೂ ಸಿಗುವುದಿಲ್ಲ, ಅದನ್ನು ಮುಚ್ಚಿಡಬಾರದು. ಆದರೆ ಭ್ರೂಣವಿಜ್ಞಾನ ಕಲಿತವರಿಗೆ ಬೇರೆ ಕೆಲಸಗಳೂ ಇವೆ. ಐವಿಎಫ್ ಕೇಂದ್ರಗಳು ಈಗ ಜಿಲ್ಲಾ ಕೇಂದ್ರಗಳಿಗೂ ಬಂದಿವೆ, ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನದ 2021ರ ಕಾಯ್ದೆಯ ನಂತರ ಅಲ್ಲಿ ಅರ್ಹ ಭ್ರೂಣತಜ್ಞರು ಇರಲೇಬೇಕು. ಔಷಧ ಕಂಪನಿಗಳು, ಸೂಕ್ಷ್ಮದರ್ಶಕ ಕೇಂದ್ರಗಳು, ವಿಜ್ಞಾನ ಪತ್ರಿಕೆಗಳ ಸಂಪಾದನೆ, ಕಾಲೇಜು ಬೋಧನೆ ಇವೆ. ಆರು ವರ್ಷ ಒಂದೇ ಪ್ರಶ್ನೆಯ ಹಿಂದೆ ಬಿದ್ದು ಕೆಲಸ ಮಾಡಿದ ಮಗಳಿಗೆ ಬೇರೆ ಕೆಲಸ ಕಲಿಯುವುದು ಕಷ್ಟವಾಗುವುದಿಲ್ಲ ಎಂದು ಅವರಿಗೆ ಹೇಳಿದೆ.

ಕೊನೆಗೆ ಚಿತ್ರದುರ್ಗದಿಂದ ಬಂದಿದ್ದ ಅಧ್ಯಾಪಕರೊಬ್ಬರು, ನಮ್ಮ ಕಾಲೇಜಿನಲ್ಲಿ ಏನೂ ಇಲ್ಲದೆ ಏನು ಆರಂಭಿಸಲಿ ಎಂದರು. ಸರ್, ಮೊದಲನೆಯದಾಗಿ ನಿಮ್ಮ ಜಿಲ್ಲೆಯಲ್ಲೇ, ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರತಿಭಾ ವಿಕಾಸ ಕೇಂದ್ರವಿದೆ. ಶಾಲೆ ಕಾಲೇಜುಗಳ ವಿಜ್ಞಾನ ಅಧ್ಯಾಪಕರಿಗೆ ಪ್ರಯೋಗದ ತರಬೇತಿ ಕೊಡುತ್ತಾರೆ, ಅಲ್ಲಿಗೆ ಹೋಗಿ. ಎರಡನೆಯದಾಗಿ ಹಣ್ಣುನೊಣ ಸಾಕಿ. ಮೈಸೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡ್ರೊಸೊಫಿಲ ಸಂಗ್ರಹ ಕೇಂದ್ರವಿದೆ, ಅವರಿಗೆ ಪತ್ರ ಬರೆದು ಕಾಡುತಳಿ (ಪ್ರಕೃತಿಯಲ್ಲಿ ಕಾಣುವ ಸಹಜ ತಳಿ) ಮತ್ತು ಬಿಳಿಗಣ್ಣಿನ ತಳಿಗಳನ್ನು ಕೇಳಿ. ಆಹಾರಕ್ಕೆ ಒಂದು ಲೀಟರ್ ನೀರಿಗೆ 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್ ಹಾಕಿ ಕುದಿಸಿ, ಇಳಿಸಿದ ಮೇಲೆ ಬೂಸ್ಟು ಬಾರದಂತೆ 7.5 ಮಿಲಿಲೀಟರ್ ಪ್ರೊಪಿಯಾನಿಕ್ ಆಮ್ಲ ಬೆರೆಸಿ ಬಿಸಿಯಿರುವಾಗಲೇ ಬಾಟಲಿಗೆ ಸುರಿಯಿರಿ. ಬಾಯಿಗೆ ಹತ್ತಿ ಸಾಕು. ಬೇಸಿಗೆಯಲ್ಲಿ ಮಾತ್ರ ಬಾಟಲಿಗಳನ್ನು ತಂಪಾದ ಕೋಣೆಯಲ್ಲಿ, ನೀರಿನ ತಟ್ಟೆಯ ಮೇಲಿಡಿ. 30 ಡಿಗ್ರಿ ದಾಟಿದರೆ ಗಂಡುಗಳು ಬಂಜೆಯಾಗುತ್ತವೆ, ತಳಿ ಕೈತಪ್ಪುತ್ತದೆ. ಮೊಟ್ಟೆಯಿಂದ ನೊಣವಾಗಲು ಹತ್ತು ಹನ್ನೆರಡು ದಿನ, ಹಾಗಾಗಿ ಒಂದು ಸೆಮಿಸ್ಟರಿನಲ್ಲಿ ಮಕ್ಕಳು ಹಲವು ತಲೆಮಾರು ನೋಡಬಹುದು. ಕಣ್ಣಿನ ಬಣ್ಣ, ರೆಕ್ಕೆಯ ಆಕಾರ, ದಿನಾಂಕ, ಕೋಣೆಯ ಶಾಖ, ಎಷ್ಟು ಗಂಡು ಎಷ್ಟು ಹೆಣ್ಣು, ಇವನ್ನು ಪ್ರತಿಯೊಬ್ಬರೂ ತಮ್ಮ ನೋಟ್‌ಬುಕ್ಕಿನಲ್ಲಿ ಬರೆಯಲಿ. ಬೇಸಿಗೆ ಫೆಲೋಶಿಪ್ಪಿನ ಅರ್ಜಿಯಲ್ಲಿ ಅದರ ಎರಡು ಪುಟದ ಸಾರಾಂಶ ಹಾಕಿದರೆ ಸಾಕು, ಆಯ್ಕೆ ಮಾಡುವವರು ಅದನ್ನೇ ಮೊದಲು ಓದುತ್ತಾರೆ.